ಹೊಳೆ ಮೀನು ಫ್ರೀ ಅಲ್ಲ

ಭಾಗ 1/10

ಆ ರೀಲ್ ನೀವೂ ನೋಡಿರ್ತೀರ.

ಮಲೆನಾಡಿನ ಯಾವುದೋ ಹಳ್ಳ, ಮೊಣಕಾಲುದ್ದ ತಿಳಿನೀರು. ಒಬ್ಬ ಹುಡುಗ ಸೊಳ್ಳೆಪರದೆ ಬಟ್ಟೆ ಹಿಡಿದು ನೀರಿಗಿಳೀತಾನೆ. ಎತ್ತಿದಾಗ ಅದರೊಳಗೆ ಬೆರಳುದ್ದದ ಮೀನುಗಳು ಪಟಪಟ ಅಂತ ಹಾರ್ತಿರ್ತವೆ. ಅವನ್ನ ಖಾಲಿ ನೀರಿನ ಬಾಟಲಿಗೆ ತುಂಬಿಸ್ತಾನೆ. ಮುಂದಿನ ಶಾಟ್‌ನಲ್ಲಿ ಮನೆ, ಗಾಜಿನ ತೊಟ್ಟಿ, ಎಲ್‌ಇಡಿ ಲೈಟು, ಅದೇ ಹಳ್ಳದಿಂದ ತಂದ ಕಲ್ಲು. ಮೇಲೊಂದು ಬರಹ: "ಝೀರೋ ಬಜೆಟ್ ಅಕ್ವೇರಿಯಂ. ನಮ್ಮ ಮೀನು, ನಮ್ಮ ಹೆಮ್ಮೆ."

ಕೆಳಗೆ ಕಾಮೆಂಟುಗಳ ಸಾಲು. "ಸೂಪರ್ ಗುರು." "ಲೊಕೇಶನ್ ಹೇಳು ಮಗಾ." "ನಂಗೂ ನಾಲ್ಕು ಬೇಕು ಬ್ರೋ."

ಆ ಹುಡುಗನನ್ನ ಬೈಯೋಕೆ ನಾನು ಇದನ್ನ ಬರೀತಿಲ್ಲ. ಅವನ ಮುಖ ನೋಡಿದ್ರೇ ಗೊತ್ತಾಗುತ್ತೆ, ಮೀನು ಅಂದ್ರೆ ಅವನಿಗೆ ನಿಜವಾಗಲೂ ಇಷ್ಟ. ನನ್ನ ಜಗಳ ಇರೋದು ಆ "ಝೀರೋ ಬಜೆಟ್" ಅನ್ನೋ ಎರಡು ಪದದ ಜೊತೆ. ನಾನು ಓದ್ತಿರೋದು ಬಿಕಾಂ. ಯಾರಾದ್ರೂ ಖರ್ಚು ಸೊನ್ನೆ ಅಂದ್ರೆ ನಮ್ಮ ಮೊದಲ ಪ್ರಶ್ನೆ ಒಂದೇ: ಹಾಗಾದ್ರೆ ಆ ಖರ್ಚು ಯಾರ ಖಾತೆಗೆ ಹೋಯ್ತು?

ನಾನು ಹೇಳೋಕೆ ಹೊರಟಿರೋದು ಇಷ್ಟೇ. ಹೊಳೆಯಿಂದ ಹಿಡಿದು ತಂದ ಮೀನಿಗೆ ಬೆಲೆ ಇದೆ, ಆ ಬಿಲ್ ಹೊಳೆಯ ಹೆಸರಿಗೆ ಬೀಳ್ತಿದೆ, ಮತ್ತು ಆ ಲೆಕ್ಕ ಬರೆಯೋರು ಯಾರೂ ಇಲ್ಲ. ಮೀನು ಸಾಕೋ ಆಸೆ ಇದ್ರೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನು ಸಾಕಿ. ಹೊಳೆ ಮೀನನ್ನ ಹೊಳೇಲೇ ಬಿಡಿ.

ಒಂದು ಕ್ಯಾಪ್ಷನ್‌ಗೆ ಇಷ್ಟೇ ಅಕ್ಷರ ಅಂತ ಮಿತಿ ಇರೋದ್ರಿಂದ ಹತ್ತು ಭಾಗ ಮಾಡಿದೀನಿ. "ಇಷ್ಟುದ್ದ ಯಾರು ಓದ್ತಾರೆ" ಅನ್ನೋರು ಹತ್ತನೇ ಭಾಗಕ್ಕೆ ನೇರ ಹೋಗಿ, ಮಾಡಬೇಕಾದ್ದು ಅಲ್ಲಿದೆ. ಆದ್ರೆ ಕಾಮೆಂಟ್‌ನಲ್ಲಿ ಜಗಳಕ್ಕೆ ಬರೋರು ದಯವಿಟ್ಟು ಪೂರ್ತಿ ಓದಿ ಬನ್ನಿ.

#ಹೊಳೆಮೀನುಹೊಳೇಲಿರಲಿ

ಭಾಗ 2/10

ಮೊದಲು ಒಂದು ಮೀನಿನ ಪರಿಚಯ. ಅಕ್ವೇರಿಯಂ ಅಂಗಡಿಯಲ್ಲಿ ಇದನ್ನ ಜೀಬ್ರಾ ಲೋಚ್ ಅಂತ ಕರೀತಾರೆ. ಬೆರಳುದ್ದ, ಮೈತುಂಬ ಕಪ್ಪು-ಹಳದಿ ಪಟ್ಟೆ, ಬಾಯಿ ಹತ್ತಿರ ಪುಟ್ಟ ಮೀಸೆ. ತೊಟ್ಟಿಯಲ್ಲಿ ಬಸವನಹುಳು ಜಾಸ್ತಿ ಆದ್ರೆ "ಇದನ್ನ ನಾಲ್ಕು ಬಿಡಿ ಸರ್, ಕ್ಲೀನ್ ಮಾಡುತ್ತೆ" ಅಂತ ಅಂಗಡಿಯವರು ಕೊಡ್ತಾರೆ. ಹೆಸರು ಕೇಳಿ ತುಂಬ ಜನ ಇದನ್ನ ಥಾಯ್ಲೆಂಡಿನದೋ ಬ್ರೆಜಿಲ್‌ನದೋ ಅಂದುಕೊಂಡಿದ್ದಾರೆ.

ಇದು ನಮ್ಮ ತುಂಗೆಯ ಮೀನು.

ವೈಜ್ಞಾನಿಕ ಹೆಸರು ಬೋಟಿಯಾ ಸ್ಟ್ರಯೇಟಾ. 1920ರಲ್ಲಿ ಇದನ್ನ ಮೊದಲ ಸಲ ವಿಜ್ಞಾನಕ್ಕೆ ಪರಿಚಯಿಸಿದವರು ಸಿ. ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಮುಂದೆ 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಇವರೇ. ಅವರು ವರ್ಣಿಸಿದ ಮೀನು ಸಿಕ್ಕಿದ್ದು ಶಿವಮೊಗ್ಗ ಸೀಮೆಯ ತುಂಗಾ ನದಿಯಲ್ಲಿ. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗೋ ನನಗೆ ಇದು ಗೊತ್ತಾಗಿದ್ದು ಹೋದ ವರ್ಷ. ದಿನಾ ಬಸ್ಸಲ್ಲಿ ಸೇತುವೆ ದಾಟ್ತೀವಿ, ಕೆಳಗೆ ಯಾರಿದ್ದಾರೆ ಅಂತ ನಮಗೆ ಯಾರೂ ಪಾಠ ಮಾಡಿಲ್ಲ.

ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಕೃಷ್ಣೆಗೆ ಸೇರೋ ನದಿಗಳ ಮೇಲ್ಭಾಗ ಇದರ ಮನೆ. ತುಂಗೆಯಂಥ ಹೊಳೆಗಳು, ತಿಳಿನೀರು, ತಳದಲ್ಲಿ ಜಲ್ಲಿ ಮತ್ತು ನುಣ್ಣನೆ ಕಲ್ಲು. ಭೂಮಿ ಮೇಲೆ ಬೇರೆಲ್ಲೂ ಇದು ಸಹಜವಾಗಿ ಬದುಕ್ತಿಲ್ಲ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಸಿಲುಕಿದ ಪ್ರಭೇದ. ಹುಲಿ ಇರೋ ಅದೇ ವರ್ಗ. ಹುಲಿಗೆ ಸಫಾರಿ ಇದೆ, ದಿನಾಚರಣೆ ಇದೆ, ಟೀ ಶರ್ಟ್ ಇದೆ. ಇದಕ್ಕೆ ಪ್ಲಾಸ್ಟಿಕ್ ಕವರ್ ಇದೆ, ರಬ್ಬರ್ ಬ್ಯಾಂಡ್ ಇದೆ.

2013ರಲ್ಲಿ ಬಯಲಾಜಿಕಲ್ ಕನ್ಸರ್ವೇಶನ್ ಅನ್ನೋ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2005ರಿಂದ 2012ರ ನಡುವೆ ಭಾರತದಿಂದ ಹೊರದೇಶಗಳ ಅಕ್ವೇರಿಯಂಗಳಿಗೆ ಹೋದ ಅಳಿವಿನ ಭೀತಿಯ ಸಿಹಿನೀರು ಮೀನುಗಳ ಲೆಕ್ಕ ಅದು. 30 ಪ್ರಭೇದ, 15 ಲಕ್ಷಕ್ಕೂ ಹೆಚ್ಚು ಮೀನು. ಅತಿ ಹೆಚ್ಚು ಹೋದ ಮೂರು ಬಗೆಗಳಲ್ಲಿ ಈ ಪಟ್ಟೆ ಮೀನೂ ಒಂದು.

ಇದು ಬರೀ ರಫ್ತಿನ ಲೆಕ್ಕ. ನಮ್ಮೂರ ಅಂಗಡಿಗೆ, ನಮ್ಮ ಬಾಟಲಿಗೆ ಬಂದದ್ದು ಇದರಲ್ಲಿ ಸೇರಿಲ್ಲ.

#ಹೊಳೆಮೀನುಹೊಳೇಲಿರಲಿ

ಭಾಗ 3/10

ಈಗ ಸ್ವಲ್ಪ ಲೆಕ್ಕ ಮಾಡೋಣ. ಕಾಮರ್ಸ್‌ನವರಿಗೆ ಸುಲಭ, ಬೇರೆಯವರಿಗೂ ಅರ್ಥ ಆಗುತ್ತೆ.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಪ್ರೋಸೆಸ್ ಕಾಸ್ಟಿಂಗ್ ಅಂತ ಒಂದು ಪಾಠ ಇದೆ. ಕಾರ್ಖಾನೆಗೆ ನೂರು ಕೆಜಿ ಕಚ್ಚಾ ಮಾಲು ಹಾಕಿದ್ರೆ ನೂರು ಕೆಜಿಯೂ ಹೊರಗೆ ಬರಲ್ಲ. ಆವಿಯಾಗುತ್ತೆ, ಸೋರುತ್ತೆ, ಹಾಳಾಗುತ್ತೆ. ಹೀಗಾಗೋದು ಮೊದಲೇ ಗೊತ್ತಿದ್ರೆ ಅದನ್ನ ನಾರ್ಮಲ್ ಲಾಸ್ ಅಂತಾರೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಉಳಿದ ಒಳ್ಳೆ ಮಾಲಿನ ಬೆಲೆಯಲ್ಲಿ ಆ ಖರ್ಚನ್ನ ಸೇರಿಸಿಬಿಡ್ತಾರೆ, ಕಥೆ ಮುಗೀತು.

ಹಿಡಿದ ಮೀನಿನ ವ್ಯಾಪಾರ ನಡೆಯೋದು ಇದೇ ಸೂತ್ರದಲ್ಲಿ. ಒಂದು ಉದಾಹರಣೆ ಹೇಳ್ತೀನಿ. ಅಂಕಿಗಳು ಪರೀಕ್ಷೆಯ ಪ್ರಾಬ್ಲಮ್ ಥರ ನಾನೇ ಹಾಕಿದ್ದು. 100 ಮೀನು ಹಿಡಿದವನಿಗೆ ತಲಾ 5 ರೂಪಾಯಿ, ಒಟ್ಟು 500. ಕವರು, ಆಕ್ಸಿಜನ್, ಬಸ್ ಚಾರ್ಜು ಸೇರಿ 700. ಒಟ್ಟು ಖರ್ಚು 1,200. ದಾರಿಯಲ್ಲಿ, ಗೋಡೌನಲ್ಲಿ 40 ಸತ್ತವು. ಉಳಿದ 60ಕ್ಕೆ ಹಂಚಿದ್ರೆ ಒಂದಕ್ಕೆ 20 ರೂಪಾಯಿ ಬಿತ್ತು. 60 ರೂಪಾಯಿಗೆ ಮಾರಿದ್ರೆ ಭರ್ಜರಿ ಲಾಭ. ಸತ್ತ 40 ಎಲ್ಲಿ ಹೋದವು? ನೀವು ಕೊಟ್ಟ 60 ರೂಪಾಯಿಯ ಒಳಗೆ.

ಅಂದ್ರೆ ನೀವು ಒಂದು ಮೀನು ಕೊಂಡ್ರಿ ಅಂದುಕೊಂಡಿರ್ತೀರ. ಬದುಕಿದ್ದ ಒಂದರ ಜೊತೆ ಸತ್ತ ಮೂರನೇ ಎರಡು ಭಾಗ ಮೀನಿಗೂ ದುಡ್ಡು ಕೊಟ್ಟಿರ್ತೀರ.

ಮೀನು ಸಾಯೋದಕ್ಕೆ ಕಾರಣಗಳೂ ಸರಳ. ಸಾಗಿಸೋ ಮುಂಚೆ ಕವರ್ ನೀರು ಕೆಡಬಾರದು ಅಂತ ಮೀನನ್ನ ಉಪವಾಸ ಕೆಡವ್ತಾರೆ. ಬಲೆಗೆ ಉಜ್ಜಿ ಮೈಮೇಲಿನ ಲೋಳೆ ಕಿತ್ತು ಹೋಗಿರುತ್ತೆ. ಆ ಲೋಳೆಯೇ ಅದಕ್ಕೆ ರೋಗ ತಡೆಯೋ ಗೋಡೆ. ಓಡೋ ನೀರಲ್ಲಿ ಹುಟ್ಟಿದ ಮೀನು ಗಂಟೆಗಟ್ಟಲೆ ನಿಂತ ನೀರಲ್ಲಿ, ತನ್ನದೇ ಹೊಲಸಿನ ಅಮೋನಿಯಾದಲ್ಲಿ ಇರಬೇಕು.

ಬಾಟಲಿಯಲ್ಲಿ ತಂದ ನಿಮ್ಮ "ಝೀರೋ ಬಜೆಟ್" ಮೀನಿಗೂ ಇದೇ ದಾರಿ. ಅಲ್ಲಿ ಕವರಿಗೆ ತುಂಬೋ ಆಕ್ಸಿಜನ್ನೂ ಇರಲ್ಲ.

#ಹೊಳೆಮೀನುಹೊಳೇಲಿರಲಿ

ಭಾಗ 4/10

"ಬೇಡಿಕೆ ಇದ್ರೆ ಪೂರೈಕೆ ತಾನಾಗೇ ಹೆಚ್ಚುತ್ತೆ." ಪಿಯುಸಿ ಎಕನಾಮಿಕ್ಸ್‌ನ ಮೊದಲ ಪಾಠ. ಟೊಮೆಟೊ ರೇಟು ಏರಿದ್ರೆ ಮುಂದಿನ ಬೆಳೆಗೆ ಜಾಸ್ತಿ ಜನ ಟೊಮೆಟೊ ಹಾಕ್ತಾರೆ. ಹೊಳೆ ಮೀನಿನ ರೇಟು ಏರಿದ್ರೆ ಹೊಳೆ ಜಾಸ್ತಿ ಮೊಟ್ಟೆ ಇಡಲ್ಲ. ಜಾಸ್ತಿ ಬಲೆ ಬೀಳುತ್ತೆ ಅಷ್ಟೆ. ಮೀನು ಕಡಿಮೆ ಆದಷ್ಟೂ ಅದು "ರೇರ್" ಆಗುತ್ತೆ, ರೇರ್ ಆದಷ್ಟೂ ರೇಟು ಏರುತ್ತೆ, ರೇಟು ಏರಿದಷ್ಟೂ ಉಳಿದದ್ದನ್ನೂ ಹುಡುಕಿ ಹಿಡೀತಾರೆ.

ಇದು ಬರೀ ಥಿಯರಿ ಅನ್ನಿಸಿದ್ರೆ ಮಿಸ್ ಕೇರಳ ಮೀನಿನ ಕಥೆ ಕೇಳಿ.

ಬೆಳ್ಳಿ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ. ಕೇರಳದ ಮತ್ತು ಅದಕ್ಕೆ ಅಂಟಿಕೊಂಡ ನಮ್ಮ ಗಡಿಭಾಗದ ಘಟ್ಟದ ಹೊಳೆಗಳ ಮೀನು. 1865ರಲ್ಲಿ ಫ್ರಾನ್ಸಿಸ್ ಡೇ ಇದಕ್ಕೆ ಆಗಿನ ಮದರಾಸು ಗವರ್ನರ್ ಡೆನಿಸನ್ ಹೆಸರಿಟ್ಟ. ನೂರಕ್ಕೂ ಹೆಚ್ಚು ವರ್ಷ ಅದು ತನ್ನ ಪಾಡಿಗೆ ಇತ್ತು. 1997ರಲ್ಲಿ ಸಿಂಗಾಪುರದ ಅಕ್ವೆರಾಮ ಅನ್ನೋ ದೊಡ್ಡ ಮೇಳದಲ್ಲಿ ಬಹುಮಾನ ಬಂತು. ಆಮೇಲೆ ಇಡೀ ಪ್ರಪಂಚಕ್ಕೆ ಅದು ಬೇಕಾಯ್ತು. ಈಗ ಅದೂ ಕೆಂಪು ಪಟ್ಟಿಯಲ್ಲಿದೆ.

2008ರಲ್ಲಿ ಕೇರಳ ಸರ್ಕಾರ ಇದನ್ನ ಹಿಡಿಯೋದಕ್ಕೆ ನಿರ್ಬಂಧ ತಂತು. ಜೂನ್, ಜುಲೈ, ಅಕ್ಟೋಬರ್ ತಿಂಗಳಲ್ಲಿ ಹಿಡಿಯೋ ಹಾಗಿಲ್ಲ ಅಂತ. ಆಮೇಲೆ ಸಂಶೋಧಕರು ಹೊಳೆಗೆ ಹೋಗಿ ನೋಡಿದ್ರೆ ಮೀನು ಮರಿ ಮಾಡೋದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಅಕ್ಟೋಬರ್ ಒಂದು ಬಿಟ್ರೆ, ಬಾಗಿಲು ಹಾಕಿದ್ದು ಮನೇಲಿ ಹೆರಿಗೆ ಇಲ್ಲದ ತಿಂಗಳಲ್ಲಿ, ತೆಗೆದಿಟ್ಟಿದ್ದು ಹೆರಿಗೆಯ ತಿಂಗಳಲ್ಲಿ.

ಹತ್ತು ಜನ ಅಧಿಕಾರಿಗಳು ಕೂತು ಬರೆದ ಆದೇಶವೇ ಹೀಗೆ ತಪ್ಪಬಹುದಾದ್ರೆ, "ನಾನು ಜಾಸ್ತಿ ಹಿಡಿಯಲ್ಲ, ಹೊಳೆಗೆ ಏನೂ ಆಗಲ್ಲ" ಅಂತ ದಡದಲ್ಲಿ ನಿಂತು ನೀವು ಹಾಕೋ ಅಂದಾಜಿಗೆ ಏನು ಆಧಾರ?

ಇನ್ನೊಂದು ವಿಷಯ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಮಿಸ್ ಕೇರಳ ಮೀನು ಮೊದಲನೇ ಅನುಸೂಚಿಗೆ ಸೇರಿದೆ. ಹುಲಿ, ಆನೆ ಇರೋ ಅನುಸೂಚಿ. ಅದನ್ನ ಹೊಳೆಯಿಂದ ಹಿಡಿದು ರೀಲ್ ಹಾಕೋದು ಅಂದ್ರೆ ತನ್ನ ವಿರುದ್ಧ ತಾನೇ ಸಾಕ್ಷಿ ಅಪ್‌ಲೋಡ್ ಮಾಡಿದ ಹಾಗೆ.

#ಹೊಳೆಮೀನುಹೊಳೇಲಿರಲಿ

ಭಾಗ 5/10

ಈಗ ನಿಮ್ಮ ಪ್ರಶ್ನೆಗಳು. ನನ್ನ ಇನ್‌ಬಾಕ್ಸಿಗೆ ಅತಿ ಹೆಚ್ಚು ಬಂದಿರೋದು ಇದು:

"ಊಟಕ್ಕೆ ಹಿಡಿದು ತಿನ್ನಲ್ವಾ? ತಿಂದ್ರೆ ಸರಿ, ಸಾಕಿದ್ರೆ ತಪ್ಪಾ?"

ಒಳ್ಳೆ ಪ್ರಶ್ನೆ. ನಮ್ಮ ಮನೇಲೂ ಹೊಳೆ ಮೀನಿನ ಸಾರು ಮಾಡ್ತಾರೆ. ಮೊದಲ ಮಳೆಗೆ ಹಳ್ಳ ಹತ್ತಿ ಬರೋ ಮೀನು ಹಿಡಿಯೋಕೆ ನಮ್ಮೂರಲ್ಲಿ ಟಾರ್ಚ್ ಹಿಡ್ಕೊಂಡು ರಾತ್ರಿಯೆಲ್ಲ ಗದ್ದೆ ಬದಿ ನಿಲ್ತಾರೆ. ಹತ್ತುಮೀನು ಮೊಟ್ಟೆ ಇಡೋಕೆ ಹೊರಟ ಮೀನು, ಅದನ್ನ ಮಿತಿ ಇಲ್ಲದೆ ಹಿಡಿಯೋದೂ ತಪ್ಪೇ. ಅದರ ಬಗ್ಗೆ ಬೇರೆ ಸರಣಿ ಬರೀಬೇಕು.

ಆದ್ರೆ ಎರಡೂ ಒಂದೇ ಅಲ್ಲ. ಸಾರಿಗೆ ಹಿಡಿಯೋನು ಸಿಕ್ಕಿದ್ದನ್ನ ಹಿಡೀತಾನೆ. ಯಾವುದು ಹೇರಳವಾಗಿ ಇದೆಯೋ ಅದು ಸಿಗುತ್ತೆ. ಕಡಿಮೆ ಆದ್ರೆ ಬೇರೆ ಮೀನು, ಅದೂ ಇಲ್ಲ ಅಂದ್ರೆ ಸಂತೆಯಿಂದ ಬಂಗುಡೆ ತರ್ತಾನೆ. ಒಂದು ಅಪರೂಪದ ಮೀನಿಗಾಗಿ ಯಾರೂ ಇಡೀ ಹಳ್ಳ ಜಾಲಾಡಲ್ಲ. ಎರಡಿಂಚಿನ ಮೀನು ಬಾಣಲೆಗೆ ಎಷ್ಟು ಬೇಕು ಹೇಳಿ.

ತೊಟ್ಟಿಗೆ ಹಿಡಿಯೋನಿಗೆ ಬೇಕಾಗಿರೋದೇ ಅಪರೂಪದ್ದು. ಹೇರಳವಾಗಿರೋದು ಅವನಿಗೆ ಬೋರು. ಬಣ್ಣ ತುಂಬಿದ ದೊಡ್ಡ ಮೀನೇ ಬೇಕು, ಅಂದ್ರೆ ಮರಿ ಮಾಡೋಕೆ ರೆಡಿಯಾದ ಮೀನು. ಗುಂಪಲ್ಲಿ ಚೆಂದ ಕಾಣುತ್ತೆ ಅಂತ ಒಂದೇ ಗುಂಡಿಯಿಂದ ಹತ್ತು ಹನ್ನೆರಡು. ಬೇಸಿಗೆಯಲ್ಲಿ ಹಳ್ಳ ಬತ್ತಿ ಗುಂಡಿಗಳಾಗಿ ನಿಂತಾಗ ಹಿಡಿಯೋದು ಸುಲಭ. ಆ ಗುಂಡಿಯಲ್ಲಿ ಉಳಿದವೇ ಮುಂದಿನ ಮಳೆಗಾಲಕ್ಕೆ ಬೀಜ.

ಕೊರವ ಮೀನಿನ ರೀಲ್‌ಗಳನ್ನೂ ನೋಡಿ. ಕೆಂಪು ಮರಿಗಳ ಗುಂಪು ನೀರ ಮೇಲೆ ಬುಗ್ಗೆ ಥರ ಏಳ್ತಿರುತ್ತೆ. ಅದರ ಕೆಳಗೆ ಅಪ್ಪ ಅಮ್ಮ ಕಾವಲಿರ್ತವೆ. ಮರಿ ಬೇಕು ಅಂತ ಬಲೆ ಹಾಕಿದ್ರೆ ಇಡೀ ಸಂಸಾರ ಹೋಯ್ತು. ದೊಡ್ಡದನ್ನ ಗಾಳಕ್ಕೆ ಎತ್ತಿದ್ರೆ, ಕಾಯೋರಿಲ್ಲದ ಮರಿಗಳು ಬೇರೆ ಮೀನಿಗೆ ತಿಂಡಿ.

ತಿನ್ನೋನ ಹಸಿವು ಒಂದು ಹೊತ್ತಿಗೆ ಮುಗಿಯುತ್ತೆ. "ಕಲೆಕ್ಷನ್" ಅನ್ನೋ ಹಸಿವಿಗೆ ಹೊಟ್ಟೆನೇ ಇಲ್ಲ.

#ಹೊಳೆಮೀನುಹೊಳೇಲಿರಲಿ

ಭಾಗ 6/10

ಎರಡನೇ ಪ್ರಶ್ನೆ, ಸ್ವಲ್ಪ ಸಿಟ್ಟಿನದು:

"ಮರಳು ಎತ್ತೋರನ್ನ ಕೇಳು. ಡ್ಯಾಮ್ ಕಟ್ಟೋರನ್ನ ಕೇಳು. ತೋಟಾ ಹಾಕಿ, ವಿಷ ಹಾಕಿ ಮೀನು ಹಿಡಿಯೋರನ್ನ ಕೇಳು. ನಾಲ್ಕು ಮೀನು ತಂದ ನಾವೇ ಸಿಕ್ಕಿದ್ವಾ ನಿಂಗೆ?"

ಅವರನ್ನೂ ಕೇಳ್ಬೇಕು, ಒಪ್ತೀನಿ. ಮರಳು ಎತ್ತಿದ್ರೆ ಮೊಟ್ಟೆ ಇಡೋ ಜಾಗ ಹೋಗುತ್ತೆ. ಅಣೆಕಟ್ಟು ಕಟ್ಟಿದ್ರೆ ಮೇಲೆ ಹತ್ತೋ ದಾರಿ ಮುಚ್ಚುತ್ತೆ. ತೋಟದ ಔಷಧಿ ಮಳೆ ಜೊತೆ ಹಳ್ಳಕ್ಕೆ ಇಳಿಯುತ್ತೆ. ಇವೆಲ್ಲ ನಮ್ಮ ನಾಲ್ಕು ಮೀನಿಗಿಂತ ದೊಡ್ಡ ಹೊಡೆತ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ.

ಆದ್ರೆ ಇದರಿಂದ ನಿಮ್ಮ ಬಲೆಗೆ ಲೈಸೆನ್ಸ್ ಸಿಗೋದು ಹೇಗೆ? ಒಬ್ಬರ ಖಾತೆಯಿಂದ ಮೂರು ಜನ ಆಗಲೇ ದುಡ್ಡು ಎಳೆದು ಓವರ್‌ಡ್ರಾಫ್ಟ್ ಆಗಿದೆ. ನಾಲ್ಕನೆಯವನು ಬಂದು "ನಾನು ಎಳೀತಿರೋದು ಕಮ್ಮಿ" ಅಂತಾನೆ. ಕಮ್ಮಿ ಇರಬಹುದು, ಖಾತೆಯಲ್ಲಿ ಏನೂ ಉಳಿದಿಲ್ಲವಲ್ಲ. ಮರಳು, ಡ್ಯಾಮು, ವಿಷ ದಾಟಿ ಬದುಕಿ ಉಳಿದ ಕೊನೇ ಮೀನು ಇರೋದು ಘಟ್ಟದ ಬುಡದ ಚಿಕ್ಕ ಹಳ್ಳಗಳಲ್ಲಿ. ರೀಲ್ ಮಾಡೋಕೆ ಬೈಕು ಹೋಗೋದೂ ಅಲ್ಲಿಗೇ.

ಇನ್ನೊಂದು ವ್ಯತ್ಯಾಸ. ಡ್ಯಾಮ್ ನಿಲ್ಲಿಸೋ ಶಕ್ತಿ ನನಗೂ ಇಲ್ಲ, ನಿಮಗೂ ಇಲ್ಲ. ಬಲೆ ನಿಮ್ಮ ಕೈಯಲ್ಲಿದೆ.

ಲೊಕೇಶನ್ ಟ್ಯಾಗ್ ಬಗ್ಗೆ ಹೇಳಲೇಬೇಕು. ನಮ್ಮ ಅಜ್ಜಿ ಊರ ಹತ್ತಿರ ಒಂದು ಹಳ್ಳ ಇದೆ, ಹೆಸರು ಹೇಳಲ್ಲ. ಯಾರೋ ಅಲ್ಲಿನ ಮೀನಿನ ವಿಡಿಯೋ ಹಾಕಿ ಜಾಗದ ಹೆಸರೂ ಹಾಕಿದ್ರು. ಆಮೇಲಿನ ಭಾನುವಾರಗಳಲ್ಲಿ ಗೊತ್ತಿಲ್ಲದ ಬೈಕುಗಳು, ಕೈಬಲೆ, ಬ್ಯಾಟರಿ ಪಂಪು. ನಮ್ಮ ಮಾವ ಕೇಳಿದ್ದಕ್ಕೆ ಒಬ್ಬ "ಹಳ್ಳ ನಿಮ್ಮಪ್ಪಂದಾ ಅಂಕಲ್?" ಅಂದನಂತೆ. ಅಲ್ಲ. ಹಳ್ಳ ಮಾವನದೂ ಅಲ್ಲ, ನಿನ್ನದೂ ಅಲ್ಲ. ಯಾರದ್ದೂ ಅಲ್ಲದ್ದನ್ನ ಹೊತ್ತುಕೊಂಡು ಹೋಗೋಕೆ ಮಾತ್ರ ಎಲ್ಲರಿಗೂ ಹಕ್ಕಿದೆ ಅಂತ ನಿಂಗೆ ಯಾರು ಹೇಳಿದ್ರು?

#ಹೊಳೆಮೀನುಹೊಳೇಲಿರಲಿ

ಭಾಗ 7/10

ಮೂರನೇ ಪ್ರಶ್ನೆ. ಓದಿಕೊಂಡಿರೋ ಹವ್ಯಾಸಿಗಳು ಕೇಳೋದು:

"ನಾವು ಸಾಕಿ ಮರಿ ಮಾಡಿ ಪ್ರಭೇದ ಉಳಿಸ್ತೀವಿ. ಇದು ಸಂರಕ್ಷಣೆ."

ಮರಿ ಮಾಡೋದು ದೊಡ್ಡ ವಿದ್ಯೆ, ಗೌರವ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ನಮ್ಮ ನದಿಗಳಲ್ಲಿ ತೀರಾ ಕಡಿಮೆಯಾಗಿದ್ದ ಹಿಪ್ಸೆಲೋಬಾರ್ಬಸ್ ಪುಲ್ಚೆಲಸ್ ಅನ್ನೋ ಗೆಂಡೆ ಜಾತಿಯ ಮೀನಿಗೆ ಅಲ್ಲಿನ ವಿಜ್ಞಾನಿಗಳು ಮರಿ ಮಾಡಿಸಿದ್ದಾರೆ. ಅದಕ್ಕೆ ಕೊಳ ಬೇಕು, ಹಾರ್ಮೋನ್ ಚುಚ್ಚುಮದ್ದು ಬೇಕು, ಮರಿಗೆ ತಕ್ಕ ಆಹಾರ ಬೇಕು, ದಿನದಿನದ ದಾಖಲೆ ಬೇಕು, ಯಾವ ಹೊಳೆಯ ತಾಯಿಗೆ ಯಾವ ಹೊಳೆಯ ತಂದೆ ಅನ್ನೋ ಲೆಕ್ಕ ಬೇಕು. ಎರಡಡಿ ತೊಟ್ಟಿಯಲ್ಲಿ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಆರು ಮೀನು ಇಟ್ಟುಕೊಂಡು "ಉಳಿಸ್ತಿದೀನಿ" ಅಂದ್ರೆ ಅದು ಸಂರಕ್ಷಣೆ ಆಗಲ್ಲ. ಪಟ್ಟೆ ಲೋಚ್ ಥರದ ಮೀನು ಮನೆಯ ತೊಟ್ಟಿಯಲ್ಲಿ ಮರಿ ಮಾಡೋದೇ ಬಹಳ ಅಪರೂಪ.

ಮರಿ ಮಾಡಿದ್ರೂ ಹೊಳೆ ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕಪ್ಪು ಮೈ, ರಕ್ತಗೆಂಪು ಬಾಲದ ಮೀನು ಅಂಗಡಿಯಲ್ಲಿ ನೋಡಿರ್ತೀರ, ರೆಡ್ ಟೇಲ್ ಶಾರ್ಕ್ ಅಂತ ಮಾರ್ತಾರೆ. ಅದು ಥಾಯ್ಲೆಂಡಿನ ನದಿ ಮೀನು. ಫಾರ್ಮ್‌ಗಳಲ್ಲಿ ರಾಶಿ ರಾಶಿ ಮರಿ ಮಾಡ್ತಾರೆ, ಪ್ರಪಂಚದ ಯಾವ ಊರಲ್ಲೂ ಸಿಗುತ್ತೆ. ಅದರ ಸ್ವಂತ ನದಿಯಲ್ಲಿ ಮಾತ್ರ ತೀವ್ರ ಅಪಾಯದಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಪೂರ್ತಿ ಅಳಿದೇ ಹೋಯ್ತು ಅಂದುಕೊಂಡಿದ್ರು. ಅದಕ್ಕೆ ಅಕ್ವೇರಿಯಂ ಒಂದೇ ಕಾರಣ ಅಲ್ಲ, ನದಿ ಕೆಟ್ಟಿದ್ದೂ ಕಾರಣ. ಆದ್ರೆ ನೋಡಿ, ಅಂಗಡಿ ತುಂಬ ಇದ್ರೂ ಹೊಳೆಗೆ ಅದರಿಂದ ಏನೂ ಬರಲಿಲ್ಲ.

ಮೀನು ಅಂದ್ರೆ ಬರೀ ಬಣ್ಣ ಮತ್ತು ರೆಕ್ಕೆ ಅಲ್ಲ. ಅದು ತಿನ್ನೋ ಹುಳು, ಅದನ್ನ ತಿನ್ನೋ ನೀರುನಾಯಿ, ಮಿಂಚುಳ್ಳಿ, ಮಳೆ ಬಂದಾಗ ಅದು ಹತ್ತೋ ದಾರಿ ಎಲ್ಲ ಸೇರಿದ್ರೆ ಆ ಮೀನು. ತೊಟ್ಟಿಗೆ ಬಂದಿದ್ದು ಅದರ ಫೋಟೋ ಕಾಪಿ.

#ಹೊಳೆಮೀನುಹೊಳೇಲಿರಲಿ

ಭಾಗ 8/10

ಸರಿ, ಹೊಳೆಯ ಮಾತು ಬಿಡಿ. ತೊಟ್ಟಿಗೆ ಬಂದ ಆ ಮೀನಿನ ಕಡೆ ನೋಡಿ.

ಘಟ್ಟದ ಹಳ್ಳದ ನೀರು ಮೆದು, ತಂಪು, ಸದಾ ಓಡ್ತಿರುತ್ತೆ. ಕಲ್ಲಿಗೆ ಬಡಿದು ಬಡಿದು ಗಾಳಿ ತುಂಬಿಕೊಂಡಿರುತ್ತೆ. ನಿಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತಲ್ಲ, ಅದೇ. ಏಪ್ರಿಲ್‌ನಲ್ಲಿ ಆರ್‌ಸಿಸಿ ಮನೆಯ ಹಾಲ್‌ನಲ್ಲಿ ಇಟ್ಟ ತೊಟ್ಟಿಯ ನೀರು ಕೈಗೇ ಬೆಚ್ಚಗೆ ತಾಗುತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ. ಮೀನಿಗೆ ಜಾಸ್ತಿ ಬೇಕಾಗೋ ಹೊತ್ತಲ್ಲೇ ಕಡಿಮೆ ಸಿಗೋದು.

ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸು ಅಮೋನಿಯಾ ಆಗುತ್ತೆ. ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಅಕ್ವೇರಿಯಂ ಇಡೋ ಯಾರಿಗಾದ್ರೂ ಇದು ಮೊದಲ ಪಾಠ. ರೀಲ್‌ನಲ್ಲಿ ಬೆಳಿಗ್ಗೆ ಹಿಡಿದ ಮೀನು ಸಂಜೆ ತೊಟ್ಟಿಯಲ್ಲಿರುತ್ತೆ. ಆ ತೊಟ್ಟಿಯ ಮೂರನೇ ವಾರದ ರೀಲ್ ಯಾರಾದ್ರೂ ಹಾಕಿದ್ದು ನೋಡಿದೀರಾ?

ಹರಿಯೋ ನೀರಲ್ಲಿ ಹೊಟ್ಟೆಯಿಂದ ಕಲ್ಲಿಗೆ ಅಂಟಿಕೊಂಡಿರೋ ಪುಟ್ಟ ಮೀನುಗಳಿವೆ. ಅವು ಮೇಯೋದು ಕಲ್ಲಿನ ಮೇಲಿನ ತೆಳು ಪಾಚಿ ಪದರ ಮತ್ತು ಅದರೊಳಗಿನ ಸೂಕ್ಷ್ಮ ಜೀವಿಗಳನ್ನ. ಚೊಕ್ಕ ಗಾಜಿನ ತೊಟ್ಟಿಯಲ್ಲಿ ಆ ಪದರ ಇರಲ್ಲ. ಅಂಗಡಿಯ ಕಾಳು ಅದಕ್ಕೆ ಊಟ ಅಂತಲೇ ಗೊತ್ತಾಗಲ್ಲ. ಗಾಜಿಗೆ ಅಂಟಿಕೊಂಡು ಅಲ್ಲಾಡದೆ ಕೂತಿರುತ್ತೆ. ನೋಡಿದೋರು "ಎಷ್ಟು ಶಾಂತವಾಗಿದೆ" ಅಂತಾರೆ. ಅದು ಹಸಿದು ನಿಧಾನಕ್ಕೆ ಸಾಯ್ತಿರುತ್ತೆ.

ಪಟ್ಟೆ ಲೋಚ್ ಗುಂಪಿನ ಜೀವಿ. ಒಂಟಿಯಾಗಿ ತಂದ್ರೆ ದಿನವಿಡೀ ಕಲ್ಲಿನ ಸಂದಿಯಲ್ಲಿ ಅಡಗಿರುತ್ತೆ.

ಗಪ್ಪಿ, ಗೋಲ್ಡ್ ಫಿಶ್ ಎಷ್ಟೋ ತಲೆಮಾರಿನಿಂದ ಮನುಷ್ಯರ ಜೊತೆ ಬೆಳೆದವು. ಅವುಗಳಿಗೂ ಒಳ್ಳೆ ನೀರು, ಜಾಗ ಬೇಕು. ಆದ್ರೆ ಗಾಜಿನ ಆಚೆಯ ಹೊಳೆ ಅವಕ್ಕೆ ಗೊತ್ತಿಲ್ಲ. ನಿನ್ನೆ ಹಿಡಿದು ತಂದ ಮೀನಿಗೆ ಗೊತ್ತಿದೆ.

#ಹೊಳೆಮೀನುಹೊಳೇಲಿರಲಿ

ಭಾಗ 9/10

ನಾಲ್ಕನೇ ಮಾತು. ಇದನ್ನ ಎಲ್ಲರೂ ತಮ್ಮ ಒಳ್ಳೇತನದ ಸರ್ಟಿಫಿಕೇಟ್ ಥರ ಹೇಳ್ತಾರೆ:

"ಸಾಕೋಕೆ ಆಗ್ಲಿಲ್ಲ ಅಂದ್ರೆ ವಾಪಸ್ ಹೊಳೆಗೇ ಬಿಡ್ತೀವಿ."

ದಯವಿಟ್ಟು ಬಿಡಬೇಡಿ.

ಮೊದಲನೇದು ರೋಗ. ನಿಮ್ಮ ತೊಟ್ಟಿಯಲ್ಲಿ ಅಂಗಡಿಯಿಂದ ಬಂದ ಮೀನೂ ಇತ್ತು, ಗಿಡವೂ ಇತ್ತು, ಅದೇ ನೀರು. ಅಲ್ಲಿನ ಬಿಳಿ ಚುಕ್ಕೆ ರೋಗ, ಹುಳ, ಶಿಲೀಂಧ್ರ ಎಲ್ಲ ಆ ಮೀನಿನ ಮೈಮೇಲೆ ಕೂತು ಹೊಳೆಗೆ ಹೋಗುತ್ತೆ. ತೊಟ್ಟಿಗೆ ಔಷಧಿ ಹಾಕಬಹುದು. ತುಂಗೆಗೆ ಹಾಕೋಕಾಗುತ್ತಾ?

ಎರಡನೇದು ವಿಳಾಸ. ತುಂಗೆಯ ನೀರು ಪೂರ್ವಕ್ಕೆ ಹರಿದು ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಘಟ್ಟದ ಆ ಕಡೆಯ ನೇತ್ರಾವತಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರಕ್ಕೆ. ಹುಟ್ಟೋ ಜಾಗ ಹತ್ತಿರ, ಆದ್ರೆ ಒಂದರ ಮೀನು ಇನ್ನೊಂದನ್ನ ಸೇರೋ ದಾರಿ ಇಲ್ಲ. ಸಾವಿರಾರು ವರ್ಷ ಬೇರೆ ಬೇರೆಯಾಗಿ ಬೆಳೆದ ಸಂಸಾರಗಳು. ಬೆಂಗಳೂರಲ್ಲಿ ಕೊಂಡ "ನೇಟಿವ್" ಮೀನು ಯಾವ ಹೊಳೆಯದು ಅಂತ ಅಂಗಡಿಯವನಿಗೂ ಗೊತ್ತಿರಲ್ಲ. ಅದನ್ನ ತಂದು ಸಿಕ್ಕ ಹೊಳೆಗೆ ಬಿಟ್ರೆ ಅದು ವಾಪಸ್ ಮನೆಗೆ ಹೋದ ಹಾಗಲ್ಲ, ಯಾರದೋ ಮನೆಗೆ ನುಗ್ಗಿಸಿದ ಹಾಗೆ.

ಹೊರದೇಶದ ಮೀನಿನ ಗತಿ ಇನ್ನೂ ಕೆಟ್ಟದು. ತೊಟ್ಟಿಯ ಗಾಜು ನೆಕ್ಕೋ ಸಕ್ಕರ್ ಮೀನು ದೊಡ್ಡದಾಯ್ತು ಅಂತ ಕೆರೆಗೆ ಬಿಟ್ರು. ಈಗ ನಮ್ಮ ಕೆರೆಗಳಲ್ಲಿ ಬಲೆ ಎಳೆದ್ರೆ ಅದೇ ಬರುತ್ತೆ. ಒರಟು ಮೈಯ ಮುಳ್ಳಿಗೆ ಬಲೆ ಹರಿಯುತ್ತೆ, ಕೊಳ್ಳೋರಿಲ್ಲ. ಮೀನುಗಾರ ಅದನ್ನ ದಡಕ್ಕೆ ಎಸೆದು ಬೈತಾನೆ. ಬಿಟ್ಟವನು ಪುಣ್ಯ ಬಂತು ಅಂದುಕೊಂಡು ಆರಾಮಾಗಿರ್ತಾನೆ.

ಪುಣ್ಯ ಅಂದಾಗ ನೆನಪಾಯ್ತು. ಶೃಂಗೇರಿಗೆ ಹೋಗಿ ತುಂಗೆಯ ಮೆಟ್ಟಿಲ ಮೇಲೆ ನಿಂತು ದೇವರ ಮೀನಿಗೆ ಮಂಡಕ್ಕಿ ಹಾಕದೋರು ನಮ್ಮಲ್ಲಿ ಯಾರಿದ್ದಾರೆ? ಶಿಶಿಲದ ಕಪಿಲೆಯಲ್ಲೂ ಹಾಗೇ. ಅಲ್ಲಿ ಬಲೆ ಹಾಕೋ ಯೋಚನೆಯೂ ಬರಲ್ಲ ನಮಗೆ. ಅದೇ ಹೊಳೆ ಎರಡು ತಿರುವು ಮುಂದೆ ಹೋದ ಕೂಡ್ಲೇ ಅದರ ಮೀನು ದೇವರದ್ದಲ್ಲ, "ಫ್ರೀ ಸ್ಟಾಕ್" ಆಗಿಬಿಡುತ್ತೆ. ಭಕ್ತಿಗೆ ಗಡಿ ಕಲ್ಲು ನೆಟ್ಟವರು ಯಾರು?

#ಹೊಳೆಮೀನುಹೊಳೇಲಿರಲಿ

ಭಾಗ 10/10

"ಹಾಗಾದ್ರೆ ಮೀನು ಸಾಕೋದೇ ಬೇಡ್ವಾ?"

ಸಾಕಿ. ಈ ಸರಣಿ ಅಕ್ವೇರಿಯಂ ವಿರುದ್ಧ ಅಲ್ಲ. ಮಾಡಬೇಕಾದ್ದು ಇಷ್ಟು.

ಒಂದು, ಅಂಗಡಿಯಲ್ಲಿ ಕೇಳಿ: "ಅಣ್ಣ, ಇದು ಫಾರ್ಮ್‌ದಾ, ಹಿಡಿದದ್ದಾ? ಯಾವ ಫಾರ್ಮು?" ಚೆನ್ನೈನ ಕೊಳತ್ತೂರಿನಂಥ ಕಡೆ ಮೀನು ಮರಿ ಮಾಡೋದೇ ಕಸುಬಾಗಿರೋ ಎಷ್ಟೋ ಮನೆಗಳಿವೆ. ಆ ದುಡ್ಡು ಅವರಿಗೆ ಹೋಗಲಿ. ಅಂಗಡಿಯವರು ಸುಮ್ಮನಾದ್ರೆ, "ರೇರ್ ಸರ್, ವೈಲ್ಡ್ ಪೀಸ್" ಅಂತ ಹೆಮ್ಮೆಯಿಂದ ಹೇಳಿದ್ರೆ, ಕೊಳ್ಳದೆ ಬನ್ನಿ. ನೀವು ಕೊಳ್ಳದ ಮೀನಿನ ಜಾಗಕ್ಕೆ ಇನ್ನೊಂದನ್ನ ಹಿಡಿಯೋಕೆ ಯಾರೂ ಆರ್ಡರ್ ಕೊಡಲ್ಲ.

ಎರಡು, ನಮ್ಮ ದೇಶದ್ದೇ ಮೀನು ಬೇಕು ಅನ್ನೋ ಆಸೆ ಒಳ್ಳೇದೇ. ಉದ್ದ ರೆಕ್ಕೆಯ ಫಿಲಮೆಂಟ್ ಬಾರ್ಬ್‌ನಂಥ ಮೀನನ್ನ ತೊಟ್ಟಿಯಲ್ಲೇ ಮರಿ ಮಾಡಿಸಬಹುದು. ತೊಟ್ಟಿಯಲ್ಲಿ ಹುಟ್ಟಿದ್ದು ಅಂತ ಖಾತ್ರಿ ಇದ್ರೆ ಮಾತ್ರ ತನ್ನಿ. ಅನುಸೂಚಿಯಲ್ಲಿರೋ ಮೀನಿನ ಹತ್ತಿರ ಹೋಗಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿನ ಹಳ್ಳದಿಂದ ಅನುಮತಿ ಇಲ್ಲದೆ ಒಂದು ಮೀನೂ ತರೋ ಹಾಗಿಲ್ಲ.

ಮೂರು, ಹೊಳೆ ಮೀನಿನ ವಿಡಿಯೋ ಹೊಳೇಲೇ ಮಾಡಿ. ಬೆಳಿಗ್ಗೆ ಎಂಟು ಗಂಟೆಗೆ ಬಿಸಿಲು ಓರೆಯಾಗಿ ಬೀಳುವಾಗ ಕಲ್ಲಿನ ಮೇಲೆ ಅಲ್ಲಾಡದೆ ಕೂತ್ಕೊಳ್ಳಿ. ಹತ್ತು ನಿಮಿಷಕ್ಕೆ ಮೀನು ತಾವಾಗೇ ಕಾಲ ಹತ್ತಿರ ಬರ್ತವೆ. ವಿಡಿಯೋ ಹಾಕಿ, ಮೀನಿನ ಹೆಸರು ಹಾಕಿ, ಜಿಲ್ಲೆ ಹೆಸರು ಸಾಕು. ಲೊಕೇಶನ್ ಬೇಡ.

ನಾಲ್ಕು, ತೊಟ್ಟಿಯ ಮೀನು ಸಾಕೋಕೆ ಆಗದಿದ್ರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲ ಇನ್ನೊಬ್ಬ ಹವ್ಯಾಸಿಗೆ ಕೊಡಿ. ಕೆರೆಗೆ, ಹೊಳೆಗೆ ಬಿಡಬೇಡಿ.

ಐದು, ಆ ರೀಲ್ ಮುಂದೆ ಬಂದಾಗ ಲೈಕ್ ಒತ್ತಬೇಡಿ. ಹುಡುಗನಿಗೆ ಬೈಯಲೂ ಬೇಡಿ, ಬೈದ್ರೆ ಅವನ ರೀಚ್ ಏರುತ್ತೆ ಅಷ್ಟೆ. ಮೆಸೇಜ್‌ನಲ್ಲಿ ಒಂದು ಪ್ರಶ್ನೆ ಕೇಳಿ: "ಬ್ರೋ, ಆ ಮೀನು ಈಗ ಹೇಗಿದೆ?" ನಾನು ಹಾಗೆ ಹನ್ನೊಂದು ಜನಕ್ಕೆ ಕೇಳಿದೀನಿ. ಇಬ್ಬರು ಉತ್ತರ ಕೊಟ್ರು. ಒಬ್ಬ "ಸತ್ತೋಯ್ತು" ಅಂದ. ಇನ್ನೊಬ್ಬ ಸತ್ತೋಯ್ತು ಅಂತ ಹೇಳಿ, "ಬೇರೆ ತರ್ತೀನಿ, ಆ ಹಳ್ಳದಲ್ಲಿ ಬೇಜಾನ್ ಇದೆ" ಅಂದ.

ಬೇಜಾನ್ ಇದೆ ಅನ್ನೋದನ್ನ ಎಣಿಸಿದವರು ಯಾರು? ಓಪನಿಂಗ್ ಸ್ಟಾಕ್ ಎಷ್ಟು ಅಂತ ಯಾರಿಗೂ ಗೊತ್ತಿಲ್ಲದ ಗೋಡೌನ್‌ನಿಂದ ಮಾಲು ಎತ್ತುತ್ತಾ ಇದ್ರೆ, ಖಾಲಿಯಾಗಿದ್ದು ಗೊತ್ತಾಗೋದು ಕೊನೇ ಮೀನು ಎತ್ತಿದ ಮೇಲೆ.

ಕಾಮೆಂಟ್ ತೆರೆದಿದೆ. ಲೊಕೇಶನ್ ಕೇಳೋದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ.

#ಹೊಳೆಮೀನುಹೊಳೇಲಿರಲಿ #ತುಂಗೆಯಮೀನು #ಲೊಕೇಶನ್ಬೇಡ